ಬಲೆಗೆ ಎಷ್ಟು ಪತಂಗ ಬಿದ್ದವು? ಕೀಟಗಳ ಲೆಕ್ಕ ಬರೆಯುವುದಕ್ಕೆ ಒಂದೇ ಪದ್ಧತಿ ಯಾಕೆ ಬೇಕು

ತೊಗರಿ ಹೂವಿಗೆ ಬಂತು ಅಂದರೆ ವಿಜಯಪುರ ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಹುಳದ ಫೋಟೋಗಳು ಶುರುವಾಗುತ್ತವೆ. ಅಂಗೈ ಮೇಲೆ ಒಂದು ಹಸಿರು ಕೀಡಿ, ಕೆಳಗೆ ಒಂದೇ ಸಾಲು: "ಕೀಡಿ ಭಾಳ ಬಿದ್ದಾವ್ರೀ, ಯಾವ ಎಣ್ಣಿ ಹೊಡೀಬೇಕು?" ಯಾವ ಊರು, ಯಾವ ದಿನ, ಎಷ್ಟು ಗಿಡ ನೋಡಿದಾಗ ಎಷ್ಟು ಸಿಕ್ಕವು, ಇದ್ಯಾವುದೂ ಇರುವುದಿಲ್ಲ. ಯಾರೋ ಒಂದು ಔಷಧದ ಹೆಸರು ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಆ ರೈತನಿಗೆ ಅಷ್ಟು ಸಾಕಿರಬಹುದು. ಆದರೆ ಹೋದ ವರ್ಷಕ್ಕಿಂತ ಈ ವರ್ಷ ಹುಳ ಜಾಸ್ತಿಯಾ? ಸಿಂದಗಿಯಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ಇಂಡಿಗೆ ಬಂತಾ? ಇಂಥ ಪ್ರಶ್ನೆ ಕೇಳಿದರೆ ಆ ಸಾವಿರ ಫೋಟೋಗಳಿಂದ ಉತ್ತರ ಹೊರಡುವುದಿಲ್ಲ.

ಈ ವಿಷಯ ಈಗ ಮುಂದೆ ಬಂದಿರುವುದಕ್ಕೆ ಕಾರಣ ಇದೆ. 2024ರ ಆಗಸ್ಟ್ 15ರಂದು ಕೇಂದ್ರ ಕೃಷಿ ಸಚಿವಾಲಯ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ಆರಂಭಿಸಿತು. ರೈತ ಮೊಬೈಲ್‌ನಲ್ಲಿ ಹುಳದ ಫೋಟೋ ತೆಗೆದು ಕಳಿಸಿದರೆ ಅದು ಯಾವುದು ಅಂತ ಕಂಪ್ಯೂಟರ್ ಗುರುತಿಸಿ ಸಲಹೆ ಕೊಡುವ ವ್ಯವಸ್ಥೆ ಇದು. ಇದಲ್ಲದೆ ಕೃಷಿ ವಿಶ್ವವಿದ್ಯಾಲಯಗಳ ಕೇಂದ್ರಗಳು, ಸಕ್ಕರೆ ಕಾರ್ಖಾನೆಗಳ ಸಿಬ್ಬಂದಿ, ಚಿಟ್ಟೆ ನೋಡುವ ಹವ್ಯಾಸಿಗಳು, ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಕೀಟಗಳನ್ನು ಎಣಿಸುತ್ತಿದ್ದಾರೆ. ಇವನ್ನೆಲ್ಲ ಒಂದು ಕಡೆ ಸೇರಿಸಿ ಓದಬೇಕಾದರೆ ಬರೆಯುವ ರೀತಿ ಒಂದೇ ಇರಬೇಕು. ವಿಜ್ಞಾನಿಗಳು ಇದನ್ನು ದತ್ತಾಂಶದ ಪ್ರಮಾಣೀಕರಣ ಅನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ.

## ಎಕರೆಗೆ ಎಷ್ಟು ಚೀಲ?

"ಈ ಸಲ ನಲವತ್ತು ಚೀಲ ತೊಗರಿ ಬಂತು" ಅಂತ ಯಾರಾದರೂ ಅಂದರೆ ಕಟ್ಟೆ ಮೇಲೆ ಕೂತವರು ಮೊದಲು ಕೇಳುವುದೇ "ಎಷ್ಟು ಎಕರೆಗೆ?" ಅಂತ. ಎಕರೆ ಗೊತ್ತಿಲ್ಲದೆ ಆ ನಲವತ್ತಕ್ಕೆ ಬೆಲೆಯೇ ಇಲ್ಲ. ಕೀಟದ ಲೆಕ್ಕವೂ ಹಾಗೇ. ಇಪ್ಪತ್ತು ಹುಳ ಸಿಕ್ಕವು ಅಂದರೆ ಎಷ್ಟು ಗಿಡದಲ್ಲಿ, ಎಷ್ಟು ಬಲೆಯಲ್ಲಿ, ಎಷ್ಟು ರಾತ್ರಿಯಲ್ಲಿ ಅನ್ನುವುದು ಜೊತೆಗೇ ಬರಬೇಕು. ಅಂದರೆ ಎಷ್ಟು ಹುಡುಕಿದಿರಿ ಅನ್ನುವುದೂ ಲೆಕ್ಕದ ಭಾಗ.

ಹತ್ತಿಯ ಗುಲಾಬಿ ಕಾಯಿಕೊರಕವನ್ನೇ ತೆಗೆದುಕೊಳ್ಳಿ. ಸವದತ್ತಿ, ಬೈಲಹೊಂಗಲದ ಎರೆ ಹೊಲಗಳಲ್ಲಿ ಹತ್ತಿ ಬೆಳೆಯುವವರಿಗೆ ಮೋಹಕ ಬಲೆ ಹೊಸದಲ್ಲ. ಒಂದು ಗೂಟ, ಅದಕ್ಕೆ ಕಟ್ಟಿದ ಪ್ಲಾಸ್ಟಿಕ್ ಲಾಳಿಕೆ, ಲಾಳಿಕೆಯ ಕೆಳಗೆ ಇಳಿಬಿಟ್ಟ ಉದ್ದನೆಯ ಪ್ಲಾಸ್ಟಿಕ್ ಚೀಲ. ಮೇಲಿನ ಮುಚ್ಚಳದ ಒಳಗೆ ಬೆರಳ ತುದಿಯಷ್ಟು ದೊಡ್ಡದೊಂದು ರಬ್ಬರ್ ಬಿರಡೆ ಸಿಕ್ಕಿಸಿರುತ್ತಾರೆ. ಅದರಲ್ಲಿ ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕ ಇರುತ್ತದೆ. ಇದನ್ನೇ ಲೂರ್ ಅನ್ನುವುದು. ಗಂಡು ಪತಂಗ ಆ ವಾಸನೆಗೆ ಬಂದು ಲಾಳಿಕೆಗೆ ಬಿದ್ದು ಚೀಲದ ತಳ ಸೇರುತ್ತದೆ. ಬೆಳಗ್ಗೆ ಚೀಲ ಬಿಚ್ಚಿ ಎಣಿಸುವುದು.

ಸತತ ಮೂರು ರಾತ್ರಿ, ಒಂದು ಬಲೆಗೆ ರಾತ್ರಿಗೆ 8 ಪತಂಗ ಬಿದ್ದರೆ ಸಿಂಪಡಣೆ ಮಾಡುವ ಹಂತ ಬಂತು ಅಂತ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಔಷಧದ ಖರ್ಚು ಸುಮ್ನೆ ದಂಡ. ಈಗ ಇಬ್ಬರು ರೈತರು ವಾರದ ಕೊನೆಗೆ ಚೀಲ ಬಿಚ್ಚಿ "56" ಅಂತ ಬರೆದರು ಅಂದುಕೊಳ್ಳಿ. ಮೊದಲಿನವರ ಹೊಲದಲ್ಲಿ ಬಲೆ ಒಂದೇ, ಏಳು ರಾತ್ರಿ. ಸರಾಸರಿ ರಾತ್ರಿಗೆ 8. ಎರಡನೆಯವರದ್ದು ನಾಲ್ಕು ಬಲೆ, ಏಳು ರಾತ್ರಿ. ಒಂದು ಬಲೆಗೆ ರಾತ್ರಿಗೆ 2. ಸಂಖ್ಯೆ ಒಂದೇ, ಒಬ್ಬರು ಎಚ್ಚರಾಗಬೇಕು, ಇನ್ನೊಬ್ಬರು ನಿಶ್ಚಿಂತೆಯಿಂದ ಇರಬಹುದು. ವಾರಕ್ಕೊಮ್ಮೆ ಎಣಿಸುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಆ 56ರಲ್ಲಿ 50 ಕೊನೆಯ ಮೂರು ರಾತ್ರಿ ಬಿದ್ದಿದ್ದರೆ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಯಾವಾಗ ಎಣಿಸಿದಿರಿ, ಅದಕ್ಕೂ ಮೊದಲು ಯಾವಾಗ ಬಿಚ್ಚಿದ್ದಿರಿ, ಎರಡೂ ತಾರೀಖು ಬೇಕು.

ಲೂರ್ ಹಳೆಯದಾದರೆ ವಾಸನೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕು. ಎರಡು ತಿಂಗಳ ಹಿಂದಿನ ಲೂರ್ ಇಟ್ಟುಕೊಂಡು "ಈ ಸಲ ಪತಂಗ ಇಲ್ಲವೇ ಇಲ್ಲ" ಅಂದರೆ ಅದು ಬಲೆಯ ಸುದ್ದಿ, ಹೊಲದ ಸುದ್ದಿ ಅಲ್ಲ. ಬಲೆ ಬೆಳೆಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಲೆಕ್ಕವನ್ನು ಏರಿಳಿಸುತ್ತದೆ.

ದೀಪದ ಬಲೆಯದ್ದು ಬೇರೆಯೇ ಕಥೆ. ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯಲ್ಲಿ ಗೊಣ್ಣೆ ಹುಳುವಿನ ದುಂಬಿಗಳನ್ನು ಹಿಡಿಯಲು ಇದನ್ನು ಇಡುತ್ತಾರೆ. ಮುಂಗಾರಿಗೂ ಮುಂಚಿನ ಮೊದಲ ಹದ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಹುಣ್ಣಿಮೆಯ ಆಸುಪಾಸು ಬೆಳದಿಂಗಳು ಜಾಸ್ತಿ ಇರುವುದರಿಂದ ಬಲೆಯ ದೀಪಕ್ಕೆ ಬರುವ ಕೀಟಗಳು ಕಡಿಮೆ. ಅಮಾವಾಸ್ಯೆಗೆ ಜಾಸ್ತಿ. ಕೀಟ ಅಷ್ಟೇ ಇದ್ದರೂ ಲೆಕ್ಕ ಬೇರೆ ಬರುತ್ತದೆ. ಬಲ್ಬ್ ಯಾವುದು ಅನ್ನುವುದೂ ಮುಖ್ಯ. ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ವರ್ಷದಿಂದ ಲೆಕ್ಕದ ಸರಪಳಿ ಅಲ್ಲೇ ತುಂಡಾಗುತ್ತದೆ, ಅದನ್ನು ಬರೆದಿಡದಿದ್ದರೆ ಹತ್ತು ವರ್ಷದ ನಂತರ ಓದುವವರಿಗೆ ಕೀಟ ಕಡಿಮೆಯಾದಂತೆ ಕಾಣುತ್ತದೆ.

ಬೆಳೆಗೆ ತಕ್ಕ ಹಾಗೆ ಎಣಿಸುವ ರೀತಿಯೂ ಬೇರೆ. ಕಡಲೆಯಲ್ಲಿ ಮೀಟರ್ ಸಾಲಿಗೆ ಎಷ್ಟು ಕೀಡಿ ಅಂತ ನೋಡುತ್ತಾರೆ, ತೊಗರಿಯಲ್ಲಿ ಗಿಡಕ್ಕೆ ಎಷ್ಟು ಅಂತ. ದ್ರಾಕ್ಷಿ ತೋಟದಲ್ಲಿ ಥ್ರಿಪ್ಸ್ ಲೆಕ್ಕ ಹಾಕಲು ಎಳೆ ಚಿಗುರನ್ನು ಬಿಳಿ ಹಾಳೆಯ ಮೇಲೆ ತಟ್ಟುತ್ತಾರೆ. ಹಾಳೆಯ ಮೇಲೆ ಎಳ್ಳಿಗಿಂತ ಸಣ್ಣ ಗೆರೆಗಳು ಓಡಾಡತೊಡಗಿದರೆ ಅವೇ ಥ್ರಿಪ್ಸ್, ಓಡಿಹೋಗುವ ಮೊದಲು ಎಣಿಸಬೇಕು. ಇವೆಲ್ಲವನ್ನೂ ಒಂದೇ ರೀತಿ ಎಣಿಸಿ ಅಂತ ಯಾರೂ ಹೇಳುತ್ತಿಲ್ಲ, ಹೇಳಲೂ ಆಗದು. ಯಾವ ರೀತಿ ಎಣಿಸಿದಿರಿ ಅನ್ನುವುದನ್ನು ಪ್ರತಿ ಸಲವೂ ಬರೆಯಿರಿ ಅನ್ನುವುದಷ್ಟೇ ಬೇಡಿಕೆ.

## ಸೊನ್ನೆಯನ್ನು ಬರೆಯುವವರು ಯಾರು?

ಹೊಲ ಸುತ್ತಿ ಬಂದಿರಿ, ಹುಳ ಕಾಣಲಿಲ್ಲ. ಏನು ಬರೆಯುತ್ತೀರಿ? ಬಹಳಷ್ಟು ಜನ ಏನೂ ಬರೆಯುವುದಿಲ್ಲ. ಇಡೀ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಖಾಲಿ ಬಿಟ್ಟ ಸಾಲಿಗೆ ಎರಡು ಅರ್ಥ: ನೋಡಿದೆ, ಇರಲಿಲ್ಲ. ಅಥವಾ, ನಾನು ಹೋಗಲೇ ಇಲ್ಲ. ಮುಂದೆ ಓದುವವರಿಗೆ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ನಾಲ್ಕು ವಾರ ಸೊನ್ನೆ, ಐದನೇ ವಾರ 3, ಆರನೇ ವಾರ 11 ಅಂತ ಇದ್ದರೆ ಹುಳ ಯಾವಾಗ ಬಂತು ಅನ್ನುವುದು ಸ್ಪಷ್ಟ. ಆ ಸೊನ್ನೆಗಳಿಲ್ಲದೆ ಬರೀ 3 ಮತ್ತು 11 ಇದ್ದರೆ ಅದು ಮೊದಲಿನಿಂದಲೂ ಇತ್ತೋ, ಹೊಸದಾಗಿ ಬಂತೋ ಹೇಳಲಾಗದು. ಜನ ಹುಳ ಕಂಡಾಗ ಮಾತ್ರ ಫೋಟೋ ಕಳಿಸುತ್ತಾರೆ, ಸಹಜ. ಆದರೆ ಬರೀ ಅಂಥ ಫೋಟೋಗಳಿಂದ ನಕ್ಷೆ ಮಾಡಿದರೆ ಎಲ್ಲ ಕಡೆಯೂ ಹುಳವೇ ಕಾಣುತ್ತದೆ, ಅಥವಾ ಮೊಬೈಲ್ ಹೆಚ್ಚು ಬಳಸುವವರು ಎಲ್ಲಿದ್ದಾರೆ ಅನ್ನುವುದು ಕಾಣುತ್ತದೆ.

## ಕಾಯಿಕೊರಕ ಅಂದರೆ ಯಾವ ಹುಳ?

ತೊಗರಿ ಕಾಯಿ ಕೊರೆಯುವುದೂ ಕಾಯಿಕೊರಕ, ಹತ್ತಿಯದ್ದೂ ಕಾಯಿಕೊರಕ. ಬಾಗಲಕೋಟೆ ಕಡೆ ದಾಳಿಂಬೆ ಹಣ್ಣಿಗೆ ತೂತು ಹಾಕುವುದಕ್ಕೂ ಕೆಲವರು ಅದೇ ಹೆಸರು ಹೇಳುತ್ತಾರೆ, ಅದು ವಾಸ್ತವವಾಗಿ ಒಂದು ಚಿಟ್ಟೆಯ ಮರಿ. ಊರಿನ ಹೆಸರು ಊರಿಗೆ ಸಾಕು, ಲೆಕ್ಕದ ಪುಸ್ತಕಕ್ಕೆ ವೈಜ್ಞಾನಿಕ ಹೆಸರೂ ಬೇಕು. ಹಾಗಂತ ಅದೂ ಸ್ಥಿರವಲ್ಲ. ತೊಗರಿಯ ಹಸಿರು ಕೀಡಿಯನ್ನು ಮೊದಲು ಹೆಲಿಯೋಥಿಸ್ ಆರ್ಮಿಜೆರಾ ಅನ್ನುತ್ತಿದ್ದರು, ಈಗ ಹೆಲಿಕೋವರ್ಪಾ ಆರ್ಮಿಜೆರಾ. ಹಳೆಯ ವರದಿಗಳನ್ನು ಹೊಸ ಹೆಸರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ಪದ್ಧತಿಯಲ್ಲಿ ಹಳೆ ಹೆಸರು, ಹೊಸ ಹೆಸರು ಎರಡನ್ನೂ ಜೋಡಿಸಿದ ಪಟ್ಟಿ ಇರುತ್ತದೆ.

ಗೋವಿನಜೋಳದ ಸೈನಿಕ ಹುಳುವಿನ ವಿಷಯದಲ್ಲಿ ಈ ಗೊಂದಲ ದುಬಾರಿ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಹೊಲಗಳಲ್ಲಿ ಅಮೆರಿಕ ಮೂಲದ ಫಾಲ್ ಆರ್ಮಿವರ್ಮ್ ಇರುವುದನ್ನು ಕೃಷಿ ವಿಜ್ಞಾನಿಗಳು ಗುರುತಿಸಿದರು, ದೇಶದಲ್ಲೇ ಮೊದಲು. ನಮ್ಮಲ್ಲಿ ಮೊದಲೇ ಇದ್ದ ಬೇರೊಂದು ಹುಳಕ್ಕೂ ಸೈನಿಕ ಹುಳು ಅನ್ನುವ ಹೆಸರೇ ಇತ್ತು. ಎರಡನ್ನೂ ಬೇರೆ ಮಾಡಲು ದೊಡ್ಡ ವಿದ್ಯೆ ಬೇಡ. ಹೊಸ ಹುಳದ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಫೋಟೋ ತೆಗೆಯುವಾಗ ಈ ಎರಡು ಜಾಗ ಕಾಣುವಂತೆ ತೆಗೆದರೆ ಯಾರು ಬೇಕಾದರೂ ಆಮೇಲೆ ಖಚಿತಪಡಿಸಬಹುದು. ಗುರುತು ಖಚಿತವಿಲ್ಲದಿದ್ದರೆ "ಖಚಿತವಿಲ್ಲ" ಅಂತ ಬರೆಯಲು ನಮೂನೆಯಲ್ಲಿ ಜಾಗವೂ ಇರಬೇಕು. ಇಲ್ಲವಾದರೆ ಜನ ಊಹೆಯನ್ನೇ ಬರೆದುಬಿಡುತ್ತಾರೆ.

## ರೋಹಿಣಿ ಮಳೆ, ಬಿಜಾಪುರ ಜಿಲ್ಲೆ

"ರೋಹಿಣಿ ಮಳಿಗೆ ದುಂಬಿ ಎದ್ದಿದ್ವು" ಅಂತ ಹಿರಿಯರು ಹೇಳುತ್ತಾರೆ. ಇದು ಕಳಪೆ ಮಾಹಿತಿಯೇನಲ್ಲ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದ್ದಾದ್ದರಿಂದ ರೋಹಿಣಿ ಹೆಚ್ಚುಕಡಿಮೆ ಮೇ 25ಕ್ಕೆ, ಮೃಗಶಿರಾ ಜೂನ್ 7-8ಕ್ಕೆ ಹೂಡುತ್ತದೆ. ತಾರೀಖಿಗೆ ಬದಲಿಸಬಹುದು, ಹದಿನೈದು ದಿನದೊಳಗೆ ಹಿಡಿಯಬಹುದು. ಎಳ್ಳಮಾವಾಸ್ಯೆಗೆ ಕೀಡಿ ಇದ್ದವು ಅಂದರೆ ಕಷ್ಟ, ಅದು ವರ್ಷ ವರ್ಷ ಜರುಗುತ್ತದೆ. ಯಾವ ವರ್ಷದ ಎಳ್ಳಮಾವಾಸ್ಯೆ ಅಂತಲೂ ಬೇಕು.

ತಾರೀಖು ಹಾಕಿದರೂ ಗೊಂದಲ ತಪ್ಪಿದ್ದಲ್ಲ. 05/06 ಅಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಹಾಗಾಗಿ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ: 2025-06-05. ಹೀಗೆ ಬರೆದರೆ ಯಾವ ದೇಶದವರು ಓದಿದರೂ ಒಂದೇ ಅರ್ಥ, ಕಂಪ್ಯೂಟರ್ ಕೂಡ ಸರಿಯಾದ ಕ್ರಮದಲ್ಲಿ ಜೋಡಿಸುತ್ತದೆ.

ಜಾಗದ ವಿಷಯದಲ್ಲಿ ನಮ್ಮ ಭಾಗದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಡಿಮೆ. ಹಳೆಯ ವರದಿಯೊಂದರಲ್ಲಿ "ಬಿಜಾಪುರ ಜಿಲ್ಲೆ, 1985" ಅಂತ ಇದೆ ಅಂದುಕೊಳ್ಳಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು. ಹಾಗಾದರೆ ಆ ಕೀಟ ಸಿಕ್ಕಿದ್ದು ಈಗಿನ ವಿಜಯಪುರದಲ್ಲಾ, ಬಾಗಲಕೋಟೆಯಲ್ಲಾ? ಕೃಷ್ಣೆಯ ಆಚೆಯೋ ಈಚೆಯೋ? 2014ರಲ್ಲಿ ಊರಿನ ಹೆಸರೂ ವಿಜಯಪುರ ಆಯಿತು, ಬೆಳಗಾವಿಯೂ ಅಧಿಕೃತವಾಗಿ ಬೆಳಗಾವಿ ಆಗಿದ್ದು ಆಗಲೇ. ಇಂದು ಕಂಪ್ಯೂಟರ್‌ಗೆ ಬರೀ ಬಿಜಾಪುರ ಅಂತ ಕೊಟ್ಟರೆ ಛತ್ತೀಸಗಡದ ಬಿಜಾಪುರ ಜಿಲ್ಲೆಯನ್ನು ತೋರಿಸಿದರೂ ಆಶ್ಚರ್ಯವಿಲ್ಲ. ನಮ್ಮ ಎರೆ ಹೊಲದ ಕೀಟ ಬಸ್ತರ್ ಕಾಡಿಗೆ ಹೋಗಿ ಕೂರುತ್ತದೆ!

ಇದಕ್ಕೆ ಪರಿಹಾರ ಅಕ್ಷಾಂಶ, ರೇಖಾಂಶ. ವಿಜಯಪುರ ನಗರ ಸುಮಾರು 16.83, 75.71. ಹೆಸರು ಬದಲಾಗಲಿ, ಜಿಲ್ಲೆ ಒಡೆಯಲಿ, ಈ ಎರಡು ಅಂಕಿ ಬದಲಾಗುವುದಿಲ್ಲ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೆದರೆ ಇದು ತಾನಾಗಿಯೇ ಸೇರಿಕೊಳ್ಳುತ್ತದೆ. ಆದರೆ ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ.

## ಎಲ್ಲ ರಿಜಿಸ್ಟರ್‌ಗೂ ಒಂದೇ ತಲೆಬರಹ

ಇಷ್ಟೆಲ್ಲ ಸಮಸ್ಯೆ ನಮ್ಮ ಜಿಲ್ಲೆಗಳದ್ದಷ್ಟೇ ಅಲ್ಲ. ಜಗತ್ತಿನಾದ್ಯಂತ ಸಸ್ಯ, ಪ್ರಾಣಿ, ಕೀಟಗಳ ದಾಖಲೆ ಬರೆಯುವವರಿಗಾಗಿ ಡಾರ್ವಿನ್ ಕೋರ್ ಅನ್ನುವ ಒಂದು ಪದ್ಧತಿ ಇದೆ. 2009ರಲ್ಲಿ ಇದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಹೆಸರು ಕೇಳಿ ದೊಡ್ಡ ಯಂತ್ರ ಅಂದುಕೊಳ್ಳಬೇಡಿ, ಇದು ರಿಜಿಸ್ಟರ್‌ನ ಕಾಲಂಗಳ ಪಟ್ಟಿ ಅಷ್ಟೇ. ಯಾವ ಕಾಲಂಗೆ ಏನು ಹೆಸರು, ಅದರಲ್ಲಿ ಏನು ಬರೆಯಬೇಕು ಅಂತ ಎಲ್ಲರೂ ಒಪ್ಪಿಕೊಂಡಿರುವುದು. ಒಂದು ಹತ್ತಿ ಹೊಲದ ದಾಖಲೆಯನ್ನು ಕನ್ನಡದಲ್ಲಿ ಬರೆದರೆ ಹೀಗಿರಬಹುದು:

ಕೀಟ: ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ, ಗುಲಾಬಿ ಕಾಯಿಕೊರಕ, ಗಂಡು ಪತಂಗ
ಅವಧಿ: 2025-09-10ರಿಂದ 2025-09-11
ಜಾಗ: ಸವದತ್ತಿ ತಾಲ್ಲೂಕು, ಬೆಳಗಾವಿ ಜಿಲ್ಲೆ, ಅಕ್ಷಾಂಶ, ರೇಖಾಂಶ
ವಿಧಾನ: ಮೋಹಕ ಬಲೆ, ಬೆಳೆಗಿಂತ ಒಂದು ಅಡಿ ಮೇಲೆ, ಲೂರ್ ಹಾಕಿ 9 ದಿನ
ಹುಡುಕಾಟ: 2 ಬಲೆ, 1 ರಾತ್ರಿ
ಸಂಖ್ಯೆ: 0
ಇದೆಯೋ ಇಲ್ಲವೋ: ಇಲ್ಲ
ನೋಡಿದವರು, ಗುರುತಿಸಿದವರು

ಇದನ್ನು ಕಾಗದದ ಮೇಲೆ ಪೆನ್ನಿನಿಂದಲೇ ಬರೆದರೂ ನಡೆಯುತ್ತದೆ. ನನ್ನ ಪ್ರಕಾರ ಹೊಲದಲ್ಲಿ ಮೊಬೈಲ್ ಪರದೆಗಿಂತ ಪಾಕೆಟ್ ಪುಸ್ತಕವೇ ವಾಸಿ, ಬಿಸಿಲಿಗೆ ಪರದೆ ಕಾಣುವುದೂ ಇಲ್ಲ. ಕಾಲಂಗಳು ಸರಿಯಿದ್ದರೆ ಸಂಜೆ ಯಾರು ಬೇಕಾದರೂ ಕಂಪ್ಯೂಟರ್‌ಗೆ ಏರಿಸಬಹುದು.

ಹೀಗೆ ಬರೆದ ದಾಖಲೆಗಳು ಕೊನೆಗೆ ಸೇರುವ ಒಂದು ದೊಡ್ಡ ಭಂಡಾರ ಜಿಬಿಐಎಫ್. 2001ರಲ್ಲಿ ಶುರುವಾದ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲ ಇದು, ಕಚೇರಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ. ಖಾನಾಪುರದ ಭೀಮಗಡ ಕಾಡಂಚಿನಲ್ಲಿ ಹವ್ಯಾಸಿಯೊಬ್ಬರು ಐ-ನ್ಯಾಚುರಲಿಸ್ಟ್ ಅನ್ನುವ, ಜೀವಿಗಳ ಫೋಟೋ ಹಂಚಿಕೊಳ್ಳುವ ಜಾಲತಾಣಕ್ಕೆ ಹಾಕಿದ ಚಿಟ್ಟೆ ಫೋಟೋ ಕೂಡ, ಗುರುತು ಖಚಿತವಾಗಿ ಹಂಚಿಕೆಗೆ ಅನುಮತಿ ಇದ್ದರೆ, ಅಲ್ಲಿಗೆ ತಲುಪುತ್ತದೆ.

## ಅದೇ ಬಲೆ, ವರ್ಷಾನುಗಟ್ಟಲೆ

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರ 1964ರಿಂದ ಗಾಳಿಯನ್ನು ಎಳೆದುಕೊಳ್ಳುವ ಬಲೆಗಳಿಂದ ಸಸ್ಯಹೇನುಗಳನ್ನು ಎಣಿಸುತ್ತಿದೆ. ಬಲೆಯ ಎತ್ತರ 12.2 ಮೀಟರ್, ಎಲ್ಲಿ ಇಟ್ಟರೂ ಅಷ್ಟೇ. ಬ್ರಿಟನ್ನಿನ ಚಿಟ್ಟೆ ಎಣಿಕೆ 1976ರಿಂದ ನಡೆದಿದೆ. ಅಲ್ಲಿ ಸ್ವಯಂಸೇವಕರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆಯುತ್ತಾರೆ. ಎರಡೂ ಪಕ್ಕಕ್ಕೆ ಎರಡೂವರೆ ಮೀಟರ್, ಮುಂದೆ ಐದು ಮೀಟರ್ ಒಳಗೆ ಕಂಡದ್ದನ್ನಷ್ಟೇ ಬರೆಯುತ್ತಾರೆ, ಆಚೆ ಎಷ್ಟೇ ಚೆಂದದ ಚಿಟ್ಟೆ ಹಾರಿದರೂ ಲೆಕ್ಕಕ್ಕಿಲ್ಲ. ಬೇಸರದ ಕೆಲಸ. ಆದರೆ ಐವತ್ತು ವರ್ಷದ ಏರಿಳಿತ ಹೇಳಲು ಆಗುವುದು ಈ ಬೇಸರದ ಶಿಸ್ತಿನಿಂದಲೇ.

2017ರಲ್ಲಿ ಜರ್ಮನಿಯಿಂದ ಬಂದ ಸುದ್ದಿ ಬಹಳ ಜನರಿಗೆ ನೆನಪಿರಬಹುದು. ಅಲ್ಲಿನ 63 ಸಂರಕ್ಷಿತ ಜಾಗಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಆ ಲೆಕ್ಕ ನಂಬುವಂತಿದ್ದದ್ದು ಹವ್ಯಾಸಿ ಕೀಟ ವೀಕ್ಷಕರು ಉದ್ದಕ್ಕೂ ಒಂದೇ ಬಗೆಯ ಡೇರೆಯಂಥ ಬಲೆ ಬಳಸಿ, ಒಂದೇ ರೀತಿ ತೂಗಿದ್ದರಿಂದ. ಅದರ ಕೊರತೆಯೂ ದಾಖಲೆಯಿಂದಲೇ ಗೊತ್ತಾಯಿತು: ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಬಲೆ ಇಟ್ಟಿದ್ದು ಒಂದೇ ವರ್ಷ.

2020ರ ಇನ್ನೊಂದು ಅಧ್ಯಯನ ಜಗತ್ತಿನ 166 ದೀರ್ಘಕಾಲದ ಸಮೀಕ್ಷೆಗಳನ್ನು ಒಟ್ಟು ಸೇರಿಸಿತು. ನೆಲದ ಮೇಲಿನ ಕೀಟಗಳು ದಶಕಕ್ಕೆ ಸುಮಾರು ಶೇ 9ರಷ್ಟು ಕಡಿಮೆ, ಸಿಹಿನೀರಿನಲ್ಲಿ ಬೆಳೆಯುವವು ಸುಮಾರು ಶೇ 11ರಷ್ಟು ಹೆಚ್ಚು ಅಂತ ಬಂತು. ಬೇರೆ ಬೇರೆ ರೀತಿ ಬರೆದ ಲೆಕ್ಕಗಳನ್ನು ಬೆರೆಸಿದ್ದು ಸರಿಯಾ ಅಂತ ವಿಜ್ಞಾನಿಗಳೇ ತಕರಾರು ತೆಗೆದರು. ಹೆಚ್ಚಿನ ಮಾಹಿತಿ ಯುರೋಪ್, ಉತ್ತರ ಅಮೆರಿಕದ್ದು. ಏಷ್ಯಾದ್ದು ಅತಿ ಕಡಿಮೆ. ಕೀಟ ಕಡಿಮೆಯಾಗುತ್ತಿದೆ ಅನ್ನುವ ಜಾಗತಿಕ ಸುದ್ದಿಯನ್ನು ನಮ್ಮ ಹೊಲಕ್ಕೆ ಹೊಂದಿಸಿ ಹೇಳಲು ಆಗದಿರುವುದು ಇದಕ್ಕೇ.

## ಗಡಿ ದಾಟಿದ ಲೆಕ್ಕ

ಹಂಚಿಕೊಂಡರೆ ಏನು ಲಾಭ ಅನ್ನುವುದಕ್ಕೆ ಮಿಡತೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. 2020ರಲ್ಲಿ ಮರುಭೂಮಿ ಮಿಡತೆಗಳ ಹಿಂಡು ರಾಜಸ್ಥಾನ ದಾಟಿ ಮಹಾರಾಷ್ಟ್ರದವರೆಗೆ ಬಂದಾಗ ನಮ್ಮ ಕಡೆಯೂ ಜನ ಆಕಾಶ ನೋಡುತ್ತಿದ್ದರು. ಅವು ಎಲ್ಲಿವೆ, ಎತ್ತ ಹೊರಟಿವೆ ಅಂತ ವಾರಗಳ ಮುಂಚೆ ಹೇಳಲು ಆಗಿದ್ದು ಹೇಗೆ? ಆಫ್ರಿಕಾದಿಂದ ಭಾರತದವರೆಗೆ ಮಿಡತೆ ಹುಡುಕುವ ತಂಡಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಒಂದೇ ನಮೂನೆಯಲ್ಲಿ ವರದಿ ತುಂಬುತ್ತವೆ. ಜಾಗ, ತಾರೀಖು, ಮಣ್ಣು ಹಸಿ ಇದೆಯಾ, ಹಸಿರು ಇದೆಯಾ, ಮಿಡತೆ ಮರಿಯೋ ರೆಕ್ಕೆ ಬಂದದ್ದೋ, ಒಂಟಿಯೋ ಹಿಂಡೋ. ಮಿಡತೆ ಸಿಗದಿದ್ದರೆ ಅದನ್ನೂ ಬರೆಯುತ್ತಾರೆ. ಭಾರತದ ಮಿಡತೆ ಎಚ್ಚರಿಕೆ ಸಂಸ್ಥೆ 1939ರಷ್ಟು ಹಳೆಯದು. ಬೇರೆ ವಿಷಯದಲ್ಲಿ ಮಾತು ನಿಂತ ಕಾಲದಲ್ಲೂ ಮಿಡತೆ ವಿಚಾರಕ್ಕೆ ಭಾರತ, ಪಾಕಿಸ್ತಾನದ ಅಧಿಕಾರಿಗಳು ಗಡಿಯಲ್ಲಿ ಕೂತು ಮಾಹಿತಿ ಹಂಚಿಕೊಂಡದ್ದುಂಟು.

ಸೈನಿಕ ಹುಳುವಿಗೂ ವಿಶ್ವಸಂಸ್ಥೆಯ ಅದೇ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಒಂದು ಮೊಬೈಲ್ ಆ್ಯಪ್ ಮಾಡಿತು. ನಮ್ಮ ಮಟ್ಟಿಗೆ ಗಡಿ ಅಂದರೆ ಮಹಾರಾಷ್ಟ್ರದ್ದು. ಅಥಣಿಯ ಕಬ್ಬಿನ ಗೊಣ್ಣೆ ಹುಳು ಸಾಂಗಲಿಯ ಗೊಣ್ಣೆ ಹುಳುವಿಗಿಂತ ಬೇರೆಯಲ್ಲ, ಇಂಡಿಯ ಆಚೆ ಸೊಲ್ಲಾಪುರದ ತೊಗರಿಯೂ ಅದೇ ಕೀಡಿಗೆ ಆಹಾರ. ಮಹಾರಾಷ್ಟ್ರ 2009ರಿಂದ ಕ್ರಾಪ್‌ಸ್ಯಾಪ್ ಹೆಸರಲ್ಲಿ ಬೆಳೆ ಕೀಟಗಳ ಸಮೀಕ್ಷೆ ನಡೆಸುತ್ತಿದೆ. ಎರಡೂ ಕಡೆಯ ಕಾಲಂಗಳು ಹೊಂದಿದರೆ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು.

## ನನ್ನ ಹೊಲದ ಮಾಹಿತಿ ಯಾರ ಕೈಗೆ?

ರೈತರು ಕೇಳುವ ನ್ಯಾಯವಾದ ಪ್ರಶ್ನೆ ಇದು. ನನ್ನ ಸರ್ವೆ ನಂಬರ್ ಹಾಕಿ "ಹುಳ ಬಿದ್ದಿದೆ" ಅಂತ ಬರೆದರೆ ನಾಳೆ ಔಷಧ ಮಾರುವವನು ಮನೆ ಬಾಗಿಲಿಗೆ ಬರುತ್ತಾನಾ? ದ್ರಾಕ್ಷಿ ಕೊಳ್ಳುವ ವ್ಯಾಪಾರಿ ದರ ಇಳಿಸುತ್ತಾನಾ?

ಹಂಚುವುದು ಅಂದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಅಂತ ಅಲ್ಲ. ಹೆಸರು, ಫೋನ್ ನಂಬರ್, ಸರ್ವೆ ನಂಬರ್ ಸಂಗ್ರಹಿಸಿದವರ ಹತ್ತಿರವೇ ಉಳಿಯಬಹುದು, ಹೊರಗೆ ಹೋಗುವ ಪ್ರತಿಯಲ್ಲಿ ಅವು ಇರಬೇಕಿಲ್ಲ. ಜಾಗವನ್ನು ಮಸುಕು ಮಾಡಬಹುದು. ಅಕ್ಷಾಂಶ ರೇಖಾಂಶದಲ್ಲಿ ಚುಕ್ಕಿಯ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್‌ವರೆಗೆ ನಿಖರ, ಅಂದರೆ ನಿಮ್ಮ ಬಾಂದದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎರಡೇ ಅಂಕಿ ಬರೆದರೆ ಸುಮಾರು ಒಂದು ಕಿಲೋಮೀಟರ್. ಊರು ಗೊತ್ತಾಗುತ್ತದೆ, ಹೊಲ ಗೊತ್ತಾಗುವುದಿಲ್ಲ. ಅಪರೂಪದ ಜೀವಿಗಳ ವಿಷಯದಲ್ಲಿ ಐ-ನ್ಯಾಚುರಲಿಸ್ಟ್ ಸುಮಾರು 20 ಕಿಲೋಮೀಟರ್ ಅಗಲದ ಚೌಕದಷ್ಟು ಮಸುಕು ಮಾಡುತ್ತದೆ, ಹಿಡಿದು ಮಾರುವವರು ಹುಡುಕಿಕೊಂಡು ಹೋಗದಿರಲಿ ಅಂತ.

ಯಾರು ಹೇಗೆ ಬಳಸಬಹುದು ಅನ್ನುವುದಕ್ಕೆ ಪರವಾನಗಿ ಇರುತ್ತದೆ. ಜಿಬಿಐಎಫ್‌ನಲ್ಲಿ ಮೂರು ಬಗೆ: ಯಾವ ಷರತ್ತೂ ಇಲ್ಲದೆ ಬಳಸಬಹುದು, ಮೂಲ ಹೇಳಿ ಬಳಸಬಹುದು, ಮೂಲ ಹೇಳಿ ವ್ಯಾಪಾರಕ್ಕಲ್ಲದೆ ಬಳಸಬಹುದು. ಯಾವುದಾದರೂ ಆ್ಯಪ್‌ಗೆ ಅಥವಾ ಸಮೀಕ್ಷೆಗೆ ಲೆಕ್ಕ ಕೊಡುವ ಮೊದಲು ಎರಡು ಮಾತು ಕೇಳಿಕೊಳ್ಳಿ: ನನ್ನ ಹೊಲದ ಜಾಗ ಎಷ್ಟು ಅಂಕಿಯವರೆಗೆ ಹೊರಗೆ ಹೋಗುತ್ತದೆ, ಮತ್ತು ಮೂರರಲ್ಲಿ ಯಾವ ಪರವಾನಗಿ. ತಾಲ್ಲೂಕು ಮಟ್ಟದ ಮುನ್ಸೂಚನೆಗೆ ಎರಡು ಅಂಕಿ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚು ಕೇಳಿದರೆ ಯಾಕೆ ಅಂತ ವಿಚಾರಿಸಬಹುದು.